ಹದಿನೇಳು ಕಡ್ಡಿಯ ‘ರೋಹು’

2023 ನವೆಂಬರ್ 19, ಭಾನುವಾರ

ವಿಶ್ವಕಪ್ ಫೈನಲ್ ಇರುವ ದಿನ ಕೆರೆ ದಂಡೆಗೆ ಯಾರೂ ಬರುವುದಿಲ್ಲ ಎಂದು ಲೆಕ್ಕ ಹಾಕಿ ಬೆಳಿಗ್ಗೆ ಐದೂವರೆಗೇ ಮನೆ ಬಿಟ್ಟೆ. ಲೆಕ್ಕ ತಪ್ಪಲಿಲ್ಲ. ನಾನು, ಗುತ್ತಿಗೆದಾರರು ಇಟ್ಟಿರುವ ಕಾವಲಿನ ತಾತ, ನಾಲ್ಕು ಕೊಕ್ಕರೆ. ಬೇರೆ ನರಪಿಳ್ಳೆ ಇರಲಿಲ್ಲ.

ಈ ವರ್ಷ ಮಂಡ್ಯದ ಕಡೆಯ ಕೆರೆಗಳನ್ನು ನೋಡಲಾಗುವುದಿಲ್ಲ. ಮಳೆ ಕೈಕೊಟ್ಟಿತು, ವಿಶ್ವೇಶ್ವರಯ್ಯ ನಾಲೆಯಿಂದ ಬಂದ ನೀರೂ ಅಷ್ಟಕ್ಕಷ್ಟೇ. ತೂಬಿನ ಕಲ್ಲುಕಂಬ ಬುಡದವರೆಗೂ ಕಾಣುತ್ತಿದೆ. ನೀರು ಇಳಿದಷ್ಟೂ ಮೀನು ಒತ್ತಾಗಿರುತ್ತದೆ ಎನ್ನುವುದು ಗಾಳ ಹಾಕುವವನ ಸ್ವಾರ್ಥದ ಸಮಾಧಾನ. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿಕೊಂಡು ಹೋಗಿದ್ದೆ. ಎಂಟು ಗಂಟೆಯೊಳಗೆ ಬೆಂಡು ಎರಡು ಸಲ ಮುಳುಗಿತು, ಎರಡು ರೋಹು ಬಂದವು. ಪುಸ್ತಕ ತೆಗೆದು ‘ರೋಹು, 2’ ಎಂದು ಬರೆದೂ ಆಯಿತು.

ತಾತ ಬಂದು ನನ್ನ ಬಲೆಚೀಲ ಎತ್ತಿ ನೋಡಿದರು. “ಮೇಷ್ಟ್ರೇ, ಇದು ಇಲಾಖೆ ಮೀನು. ಅದು ನಾಲೆ ಮೀನು. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದುಕೊಂಡಿದ್ದೀರಲ್ಲ?”

ತಾತನಿಗೆ ಓದು ಬರುವುದಿಲ್ಲ. ಎರಡು ಮೀನಿಗೆ ಒಂದೇ ಸಾಲು ಬರೆದದ್ದನ್ನು ನೋಡಿಯೇ ಹಿಡಿದುಬಿಟ್ಟಿದ್ದರು.

ಹನ್ನೊಂದು ವರ್ಷದಿಂದ ಗಾಳ ಹಿಡಿದವನಿಗೆ ಈ ಮಾತು ಸ್ವಲ್ಪ ಚುಚ್ಚಿತು. ನೆನೆಸಿದ ಟವೆಲ್ ಹಾಸಿ ಎರಡನ್ನೂ ಪಕ್ಕಪಕ್ಕ ಮಲಗಿಸಿ, ಒಂದರ ಕಣ್ಣಿನ ಮೇಲೆ ಟವೆಲ್ಲಿನ ಅಂಚು ಎಳೆದೆ. ಕಣ್ಣಿಗೆ ಕತ್ತಲೆಯಾದರೆ ಮೀನು ಒದ್ದಾಡುವುದು ಕಡಿಮೆ. ಹುರುಪೆಗಳಲ್ಲಿ ಅದೇ ಕೆಂಪುಛಾಯೆ. ಮೂತಿ ಮೊಂಡು. ತುಟಿ ದಪ್ಪ, ಅಂಚಿಗೆ ಸೆರಗಿನ ಕುಚ್ಚಿನಂತೆ ಸಣ್ಣ ಝಾಲರಿ. ಈ ಝಾಲರಿ ಕಂಡರೆ ರೋಹು ಎಂದು ನಾನು ಎಷ್ಟು ಜನರಿಗೆ ಪಾಠ ಮಾಡಿದ್ದೇನೋ. ಇಲ್ಲಿ ಎರಡಕ್ಕೂ ಝಾಲರಿ ಇದೆ.

ವ್ಯತ್ಯಾಸ ಇದ್ದದ್ದು ಬೆನ್ನಿನ ಮೇಲೆ. ಒಂದರ ಬೆನ್ನಿನ ಈಜುರೆಕ್ಕೆ ಗಿಡ್ಡ ಬುಡದ್ದು. ಇನ್ನೊಂದರದು ಬಾಲದ ಕಡೆಗೆ ಉದ್ದಕ್ಕೆ ಹರಡಿಕೊಂಡಿತ್ತು. ರೆಕ್ಕೆಯನ್ನು ಹಿಡಿದು ನಿಲ್ಲಿಸುವ ಕಡ್ಡಿಗಳನ್ನು ಎಣಿಸಬೇಕಾಯಿತು. ಈಜುರೆಕ್ಕೆಯ ಮುಂದಿರುವ, ಕವಲೊಡೆಯದ ಒಂದೆರಡು ಮೊಂಡು ಕಡ್ಡಿಗಳನ್ನು ಬಿಡಬೇಕು. ತುದಿಯಲ್ಲಿ ಕವಲಾಗಿರುವವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಕೊನೆಯದು ಬುಡದವರೆಗೂ ಸೀಳಿ ಎರಡರಂತೆ ಕಾಣುತ್ತದೆ, ಆದರೆ ಅದು ಒಂದೇ. ಇದೆಲ್ಲ ಓದಿ ಗೊತ್ತಿತ್ತು, ಕೈಯಾರೆ ಮಾಡಿರಲಿಲ್ಲ. ಒದ್ದೆ ಹೆಬ್ಬೆರಳಿನಿಂದ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ಆಕಾಶಕ್ಕೆ ಹಿಡಿದರೆ ಬೆಳಕು ತೂರಿ ಕಡ್ಡಿಗಳು ಒಂದೊಂದಾಗಿ ಕಾಣುತ್ತವೆ. ಮೊದಲ ಮೀನಿಗೆ 13. ಎರಡನೆಯದಕ್ಕೆ 17. ನಂಬಲಿಲ್ಲ, ಮತ್ತೆ ಎಣಿಸಿದೆ, 16 ಬಂತು. ಮೂರನೆಯ ಸಲ ಪುನಃ 17.

ರೋಹುವಿಗೆ ಕವಲು ಕಡ್ಡಿ ಹನ್ನೆರಡರಿಂದ ಹದಿನಾಲ್ಕು. ಹದಿನೇಳು ಇರುವುದು ಲೇಬಿಯೋ ಫಿಂಬ್ರಿಯೇಟಸ್‌ಗೆ, ಹಳಬರ ಬಾಯಲ್ಲಿ ಕೆಮ್ಮೀನು. ಬಾಯಿ ಬಿಡಿಸಿ ನೋಡಿದೆ. ಅದಕ್ಕೆ ಪುಟ್ಟ ಮೀಸೆ ಎರಡು ಜೊತೆ. ರೋಹುವಿಗೆ ಬಾಯಿಯ ಮೂಲೆಯ ಗೆರೆಯಲ್ಲಿ ಅಡಗಿಕೊಂಡಿರುವ ಒಂದೇ ಜೊತೆ, ಅದೂ ಹುಡುಕಿದರೆ ಉಂಟು. ತಾತ ಇದ್ಯಾವುದನ್ನೂ ಎಣಿಸಿರಲಿಲ್ಲ. “ಅದರ ಬೆನ್ನು ಉದ್ದ ಅಲ್ಲವೇ” ಎಂದರು, ಅಷ್ಟೇ.

‘ಇಲಾಖೆ ಮೀನು’ ಎನ್ನುವ ಮಾತನ್ನು ದಾರಿಯುದ್ದಕ್ಕೂ ಮೆಲುಕು ಹಾಕಿದೆ. ಅದಕ್ಕಿಂತ ಸರಿಯಾದ ವರ್ಗೀಕರಣ ಇಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ನದಿಗಳ ಗೆಂಡೆ ಮೀನು, ಗಂಗೆಯ ಕಡೆಯವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಳಿಕುಂಞಿ ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಗೆಂಡೆ ಮೀನಿನಿಂದ ಮೊಟ್ಟೆ ಹಾಕಿಸಿದ ಮೇಲೆ ಮರಿಗಳಿಗಾಗಿ ನದಿಗಳನ್ನು ಜಾಲಾಡುವ ಕಷ್ಟ ತಪ್ಪಿತು. ಅಲ್ಲಿಂದೀಚೆಗೆ ದೇಶದ ಕೆರೆ ಕೆರೆಗೂ ಮೀನುಗಾರಿಕೆ ಇಲಾಖೆಯ ಬಿತ್ತನೆ ಮರಿ. ಕೆಮ್ಮೀನು ಹಾಗಲ್ಲ, ಈ ನೀರಿನದೇ, ಕೃಷ್ಣಾ ಕಾವೇರಿಗಳ ಹುಟ್ಟು ಮಗು. ನಾಲೆಯ ಹಾದಿಯಲ್ಲಿ ತಾನೇ ಈಜಿಕೊಂಡು ಕೆರೆಗೆ ಬಂದದ್ದಿರಬೇಕು. ಮನೆಯವನಿಗೇ ನೆಂಟನ ಹೆಸರಿಟ್ಟು ಬರೆದಿದ್ದೆ.

ಉಳಿದವುಗಳಲ್ಲಿ ಇಷ್ಟು ತಾಪತ್ರಯವಿಲ್ಲ. ಕಾಟ್ಲಾದ ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ, ಮೀಸೆಯಿಲ್ಲದ ಮುಖವನ್ನು ತಲೆಸಾರು ಪ್ರಿಯರು ಬಸ್ಸಿನ ಕಿಟಕಿಯಿಂದಲೇ ಗುರುತಿಸುತ್ತಾರೆ. ಸಾಮಾನ್ಯ ಗೆಂಡೆಗೆ ಬೆನ್ನಿನುದ್ದಕ್ಕೂ ರೆಕ್ಕೆ, ಅದರ ಮೊದಲ ಮುಳ್ಳಿಗೆ ಗರಗಸದ ಹಲ್ಲು. ಬೆರಳು ಕೊಯ್ದುಕೊಂಡವರು ಮರೆಯುವುದಿಲ್ಲ. ಮೃಗಾಲ್ ಬೆಳ್ಳಗೆ, ಸಪೂರ, ತುಟಿ ತೆಳು, ಝಾಲರಿ ಇಲ್ಲ. ಆದರೂ ಕಲಗಚ್ಚು ನೀರಿನಲ್ಲಿ ಸಿಕ್ಕಿದ ಮೃಗಾಲನ್ನು ರೋಹು ಎಂದು ಬರೆದ ಪಾಪ ನನ್ನ ತಲೆಯ ಮೇಲಿದೆ. ಬಣ್ಣವನ್ನು ನಂಬುವುದು ಬಿಟ್ಟದ್ದು ಅಂದಿನಿಂದ. ನೀರು ಕೆಂಪಾದರೆ ಮೀನು ಮಂಕು, ನೀರು ತಿಳಿಯಾದರೆ ಮೀನು ಗಾಢ. ಜಿಲೇಬಿ ಮೀನಿನಲ್ಲೂ, ಅಂದರೆ ಟಿಲಾಪಿಯಾದಲ್ಲೂ, ಎರಡು ಜಾತಿ ಉಂಟು, ಬಾಲದ ರೆಕ್ಕೆಯ ಮೇಲೆ ನೆಟ್ಟಗಿನ ಪಟ್ಟೆಗಳಿದ್ದರೆ ನೈಲ್ ಜಿಲೇಬಿ. ಅವೆರಡೂ ಸೇರಿ ಹುಟ್ಟಿದ ಮಿಶ್ರತಳಿಯೂ ಇರುವುದರಿಂದ ಆ ತಂಟೆಗೆ ನಾನು ಹೋಗುವುದಿಲ್ಲ.

ಹೆಸರು ಯಾವುದಾದರೇನು, ಸಾರಿಗೆ ಬಿದ್ದರೆ ಎಲ್ಲ ಒಂದೇ ಎಂದು ನನ್ನ ಭಾವಮೈದ ಹೇಳುತ್ತಾನೆ. ಅವನಿಗೆ ಪ್ರತಿಸಲ ಗಾಳಿಬೋರೆಯ ಕಥೆ ಹೇಳಬೇಕೆನಿಸುತ್ತದೆ. ಅಲ್ಲಿ ಕಾವೇರಿ ದಡದ ಶಿಬಿರದಲ್ಲಿ ಗಾಳದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಬಿಳಿಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಬಿಳಿಮೀನೆಂದರೆ ಮಹಶೀರ್. ನೀಲಿ ರೆಕ್ಕೆಯದನ್ನು ಬೇರೆ, ಡುಬ್ಬದ ಹೊನ್ನಬಣ್ಣದ್ದನ್ನು ಬೇರೆ ಎಂದು ಗುರುತಿಸಿ ಬರೆದಿದ್ದರು. ಆಮೇಲೆ ವಿಜ್ಞಾನಿಗಳು ಆ ಪುಸ್ತಕ ತೆರೆದು ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ, ಡುಬ್ಬದ್ದು ಕುಸಿಯುತ್ತಾ ಹೋಗಿತ್ತು. ನೀಲಿಯದು ಹೊರಗಿನಿಂದ ತಂದು ಬಿಟ್ಟದ್ದು, ಡುಬ್ಬದ್ದು ಕಾವೇರಿಯದೇ. ಡುಬ್ಬದ ಮೀನು ಟಾರ್ ರೆಮಾದೇವಿ ಎಂದು ಇತ್ಯರ್ಥವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಲ್ಲಿನವರು ನನ್ನ ಹಾಗೆ ಎರಡನ್ನೂ ಒಂದೇ ಸಾಲಿಗೆ ತುಂಬಿದ್ದರೆ ಒಟ್ಟು ಲೆಕ್ಕದಲ್ಲಿ ಆ ಕುಸಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕೆಮ್ಮೀನನ್ನು ನೀರಿಗೆ ಬಿಟ್ಟೆ. ರೋಹುವನ್ನು ಮನೆಗೆ ತಂದೆ. ಬರುವ ಹೊತ್ತಿಗೆ ಕೊಹ್ಲಿ ಔಟಾಗಿದ್ದರು, ಮೀನಿನ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಈಗ ಪಂದ್ಯವೂ ಸೋತಿದೆ. ಮನೆಯಲ್ಲಿ ಯಾರೊಬ್ಬರೂ ಮಾತನಾಡುತ್ತಿಲ್ಲ, ಬರೆಯುವುದಕ್ಕೆ ಒಳ್ಳೆಯ ಸಮಯ.

2023 ನವೆಂಬರ್ 21, ಮಂಗಳವಾರ

ಕೆಮ್ಮೀನಿನ ಫೋಟೋವನ್ನು ನಮ್ಮ ಗಾಳದವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೆ. ನಾಲ್ಕು ಜನ ಉತ್ತರಿಸಿ ಐದು ಹೆಸರು ಹೇಳಿದ್ದಾರೆ. ಒಬ್ಬರು ‘ಸೂಪರ್ ರೋಹು’ ಎಂದು ಹೆಬ್ಬೆರಳು ತೋರಿಸಿದ್ದಾರೆ.

ಶಾಲೆಯಿಂದ ಬಂದು ಹಳೆಯ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ‘ರೋಹು’ ಎಂದಿರುವ ಸಾಲುಗಳು 63. ಎಲ್ಲದರ ಮುಂದೆ ಪೆನ್ಸಿಲ್ಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಇಷ್ಟು ಪ್ರಶ್ನೆ ಚಿಹ್ನೆ ಹಾಕಿದವನಲ್ಲ. “ತಿಂದು ಮುಗಿದ ಮೀನಿಗೆ ಈಗೇಕೆ ನಾಮಕರಣ?” ಎಂದು ನನ್ನಾಕೆ ಕೇಳಿದಳು. ಆಮೇಲೆ ತಾನೇ, ಕೆಲವು ಸಲ ರೋಹು ಅಂತ ನೀವು ತಂದದ್ದರಲ್ಲಿ ಮುಳ್ಳು ಜಾಸ್ತಿ ಇರುತ್ತಿತ್ತು ಎಂದಳು. ಅದನ್ನು ಆಗಲೇ ಹೇಳಬಾರದಿತ್ತೇ ಎಂದರೆ, ಹೇಳಿದ್ದೆ, ನೀವು ಕೇಳಿಸಿಕೊಳ್ಳಲಿಲ್ಲ ಎಂದಳು. ಇರಬಹುದು.

ಫೋಟೋಗಳಾದರೂ ಇವೆಯಲ್ಲ ಎಂದು ಮೊಬೈಲ್ ತೆಗೆದೆ. ಒಳ್ಳೆಯ ಫೋಟೋ ಇರುವ ‘ರೋಹು’ 9. ಎಂಟರಲ್ಲಿ ನನ್ನ ನಗು ಸ್ಪಷ್ಟವಾಗಿದೆ, ಮೀಸೆ ಸ್ಪಷ್ಟವಾಗಿದೆ, ನನ್ನದು. ಮೀನಿನ ಬೆನ್ನಿನ ರೆಕ್ಕೆ ಮಾತ್ರ ಮಡಚಿ ಬಿದ್ದಿದೆ. ಜಾರದಿರಲಿ ಎಂದು ನಾನೇ ಒತ್ತಿ ಹಿಡಿದಿದ್ದೇನೆ. ಒಂಬತ್ತನೆಯದರಲ್ಲಿ, 2019ರದು, ಮೀನು ಕೊಸರಾಡಿರಬೇಕು, ರೆಕ್ಕೆ ಅರಳಿ ನಿಂತಿದೆ. ಪರದೆಯನ್ನು ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ ಎಣಿಸಿದೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಅಲ್ಲಿಂದಾಚೆಗೆ ನನ್ನ ಹೆಬ್ಬೆರಳು.