ನಡುಮನೆಯ ಕತ್ತಲೆಯನ್ನು ಸಭಾಂಗಣಕ್ಕೆ ತರುವುದು ಹೇಗೆ?

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನಾವು ಕೆಲವು ಗೆಳೆಯರು ಸೇರಿ, ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಮಲೆನಾಡಿನ ಮನೆಗಳ ಬಗ್ಗೆ ಐದು ದಿನಗಳ ಪ್ರದರ್ಶನವನ್ನು ಏರ್ಪಡಿಸಿದ್ದೆವು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹನ್ನೊಂದು ಹಳೆಯ ಮನೆಗಳನ್ನು ಅಳೆದು, ನಕ್ಷೆ ಬರೆದು, ಫೋಟೋ ತೆಗೆದು, ಎರಡು ಮನೆಗಳ ಮಾದರಿಗಳನ್ನು ಮರದಲ್ಲಿ ಮಾಡಿಸಿದ್ದೆವು. ಚಿತ್ರಕಲೆಯ ಪ್ರದರ್ಶನದಲ್ಲಿ ಚಿತ್ರವೇ ಗೋಡೆಯ ಮೇಲಿರುತ್ತದೆ, ಶಿಲ್ಪದ ಪ್ರದರ್ಶನದಲ್ಲಿ ಶಿಲ್ಪವೇ ಎದುರಿಗಿರುತ್ತದೆ. ಕಟ್ಟಡಗಳ ಪ್ರದರ್ಶನದಲ್ಲಿ ಮಾತ್ರ ಕಟ್ಟಡವೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತದೆ. ಈ ಕೊರತೆಯನ್ನು ತಯಾರಿಯ ದಿನಗಳಲ್ಲಿ ನಾವು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆವೇ ಹೊರತು, ಅದು ಎಷ್ಟು ದೊಡ್ಡದೆಂದು ಅರ್ಥವಾದದ್ದು ಜನ ಒಳಗೆ ಬಂದ ಮೇಲೆ.

ನಾವು ಹೆಚ್ಚು ಕಷ್ಟಪಟ್ಟದ್ದು ನಕ್ಷೆಗಳ ಮೇಲೆ, ಜನ ಕಡಿಮೆ ಹೊತ್ತು ನಿಂತದ್ದೂ ನಕ್ಷೆಗಳ ಮುಂದೆಯೇ. ಮೇಲಿನಿಂದ ಕತ್ತರಿಸಿ ನೋಡಿದಂತೆ ಮನೆಯನ್ನು ಬರೆಯುವ ಪದ್ಧತಿ ಕಟ್ಟಡದ ಕೆಲಸದವರಿಗೆ ಅಭ್ಯಾಸವಾಗಿರುತ್ತದೆ, ಆದರೆ ತನ್ನ ಮನೆಯಲ್ಲೇ ಅರವತ್ತು ವರ್ಷ ಬಾಳಿದವರಿಗೂ ಆ ಗೆರೆಗಳಲ್ಲಿ ತಮ್ಮ ಮನೆ ಕಾಣಿಸುವುದಿಲ್ಲ. ಹಾಗಾಗಿ ಫೋಟೋಗಳನ್ನೇ ನಂಬಿದ್ದೆವು. ಎರಡನೆಯ ದಿನ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು ಬಂದ ಕುಟುಂಬದ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಬಂದರು. 1964ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡಾಗ ಅವರು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ನಾನೇ ತೆಗೆದ, ನನಗೆ ತುಂಬ ಹೆಮ್ಮೆಯಿದ್ದ ನಡುಮನೆಯ ಫೋಟೋವೊಂದರ ಮುಂದೆ ಬಹಳ ಹೊತ್ತು ನಿಂತು ಅವರು ಹೇಳಿದರು: "ಚೆಂದ ಇದೆ ತಮ್ಮಾ. ಆದ್ರೆ ನಮ್ಮ ಕಡೆ ನಡುಮನೇಲಿ ಇಷ್ಟು ಬೆಳಕು ಎಲ್ಲಿರ್ತಿತ್ತು?"

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೆಳಕು ಸಾಕಷ್ಟು ತುಂಬುವ ತನಕ ಅದರ ಕಣ್ಣನ್ನು ತೆರೆದೇ ಇಟ್ಟು ತೆಗೆದ ಚಿತ್ರವದು. ಮನುಷ್ಯನ ಕಣ್ಣಿಗೆ ಆ ಕೋಣೆ ಎಂದೂ ಹಾಗೆ ಕಂಡಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಮಣ್ಣಿನ ಗೋಡೆ ಉಳಿಯಬೇಕಾದರೆ ಸೂರು ತಗ್ಗಿ ಮುಂದಕ್ಕೆ ಚಾಚಿಕೊಳ್ಳಲೇಬೇಕು, ಸೂರು ತಗ್ಗಿದರೆ ಬೆಳಕು ಜಗಲಿಯಲ್ಲೇ ನಿಲ್ಲಬೇಕು. ಅಂಗಳದ ಬಿಸಿಲಿನಿಂದ ಜಗಲಿಯ ಮಬ್ಬಿಗೆ, ಅಲ್ಲಿಂದ ತಲೆ ಬಗ್ಗಿಸಿ ಹೊಸ್ತಿಲು ದಾಟಿದರೆ ನಡುಮನೆಯ ಕತ್ತಲೆಗೆ, ಕಣ್ಣು ಹೊಂದಿಕೊಂಡ ಮೇಲೆ ಮೆಲ್ಲಗೆ ಕಾಣಿಸಿಕೊಳ್ಳುವ ಮುಂಡಿಗೆಯ, ಅಂದರೆ ಮನೆಯೊಳಗಿನ ಮರದ ಕಂಬದ, ಕೆತ್ತನೆಗೆ ಮನುಷ್ಯ ಸಾಗುವ ಆ ಕ್ರಮವೇ ಈ ಮನೆಗಳ ವಾಸ್ತುವಿನ ಜೀವಾಳ. ಆ ಕ್ರಮವನ್ನು ನಾನು ಟ್ಯೂಬ್‌ಲೈಟಿನ ಕೆಳಗೆ ಒಂದೇ ಹೊಳೆಯುವ ಹಾಳೆಯಾಗಿ ತೂಗುಹಾಕಿದ್ದೆ.

ಮರುದಿನ ಸಭಾಂಗಣದ ಒಂದು ಮೂಲೆಯನ್ನು ಕಪ್ಪು ಬಟ್ಟೆಯಿಂದ ಮರೆಮಾಡಿ, ತಗ್ಗಾದ ಬಾಗಿಲಿನ ಚೌಕಟ್ಟೊಂದನ್ನು ನಿಲ್ಲಿಸಿ, ಒಳಗೆ ಹಳೆಯ ಮುಂಡಿಗೆಯೊಂದನ್ನು ಇಟ್ಟೆವು. ಅದು ಫಲಿಸಲಿಲ್ಲ. ಒಳಗೆ ಹೋದವರೆಲ್ಲ ಮೊದಲು ಮೊಬೈಲಿನ ಟಾರ್ಚ್ ಹೊತ್ತಿಸುತ್ತಿದ್ದರು. ಕಣ್ಣು ಹೊಂದಿಕೊಳ್ಳುವುದಕ್ಕೆ ಬೇಕಾದ ಒಂದೆರಡು ನಿಮಿಷ ಕಾಯಿರಿ ಎಂದು ಬಂದವರನ್ನು ಕೇಳಿಕೊಳ್ಳಬಹುದು, ಒತ್ತಾಯಿಸುವುದಕ್ಕೆ ಆಗುವುದಿಲ್ಲ.

ಫಲಿಸಿದ್ದು ನೆಲದ ಮೇಲಿನ ಗೆರೆ. ಒಂದು ಮನೆಯ ಜಗಲಿ, ನಡುಮನೆ ಮತ್ತು ಅಡುಗೆಮನೆಯನ್ನು ಇದ್ದ ಅಳತೆಯಲ್ಲೇ ಸುಣ್ಣದ ಗೆರೆಯಿಂದ ಸಭಾಂಗಣದ ನೆಲಕ್ಕೆ ಇಳಿಸಿ, ಬಾಗಿಲು ಇರುವಲ್ಲಿ ಮಾತ್ರ ಗೆರೆ ಬಿಟ್ಟಿದ್ದೆವು. ಮಕ್ಕಳು ಎಲ್ಲೆಂದರಲ್ಲಿ ಗೆರೆ ದಾಟಿ ಓಡಿದರು. ಅಂಥ ಮನೆಗಳಲ್ಲಿ ಬಾಳಿದ್ದ ಹಿರಿಯರು ಮಾತ್ರ ಗೋಡೆಯೇ ಇಲ್ಲದಿದ್ದರೂ ಸುತ್ತಿಕೊಂಡು ಹೋಗಿ ಬಾಗಿಲಿನಿಂದಲೇ ಒಳಗೆ ಹೋದರು. ಒಬ್ಬ ಹೆಂಗಸು ಅಡುಗೆಮನೆಯ ಮೂಲೆಯಲ್ಲಿ ನಿಂತು, ಒಲೆ ಇಲ್ಲಿ, ಬಚ್ಚಲ ಹಂಡೆ ಆಚೆ ಎಂದು ಜೊತೆಯಲ್ಲಿದ್ದ ಮಗಳಿಗೆ ಕೈಮಾಡಿ ತೋರಿಸುತ್ತಿದ್ದರು. ಗೋಡೆಗೆ ತೂಗುಹಾಕಿದ್ದ ನಕ್ಷೆಯೂ ಇದೇ ಗೆರೆಗಳೇ. ಕಾಲಿಗೆ ಸಿಕ್ಕಾಗ ಅದು ಮನೆಯಾಯಿತು.

ಭಾಷೆಯ ತೊಡಕು ಬೇರೆಯೇ ಇತ್ತು. ಫಲಕಗಳಲ್ಲಿ ನಾವು ಸ್ತಂಭ, ಮೇಲ್ಛಾವಣಿ ಎಂದೆಲ್ಲ ಬರೆದಿದ್ದೆವು. ಮಾದರಿ ಮಾಡಿಕೊಟ್ಟ ಆಚಾರ್ರು ಅದನ್ನೋದಿ, "ಸ್ತಂಭ ಅಂದ್ರೆ ದೇವಸ್ಥಾನದ್ದು ಸ್ವಾಮಿ, ಮನೇಲಿರೋದು ಮುಂಡಿಗೆ" ಎಂದರು. ಮುಂಡಿಗೆ, ಬೋದಿಗೆ, ತೊಲೆ, ಪಕಾಸಿ, ರೀಪು ಎಂದು ಮನೆಯ ಮರದ ಭಾಗಗಳ ಹೆಸರನ್ನು ಅವರ ಬಾಯಿಂದಲೇ ಕೇಳಿ ಎಲ್ಲವನ್ನೂ ತಿದ್ದಿದೆವು.

ಮನೆಯನ್ನೇ ತಂದು ನಿಲ್ಲಿಸುವ ದಾರಿಯೂ ಇದೆ. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ 1891ರಲ್ಲೇ ಆ ದಾರಿ ಹಿಡಿಯಿತು. ನಮ್ಮ ಹತ್ತಿರದ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ, ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ಕಟ್ಟಿದರು. ಬೆನ್ನಿಗೆ ಬೆಟ್ಟ, ಎದುರಿಗೆ ತನ್ನದೇ ತೋಟ ಇದ್ದ ಮನೆ ಇನ್ನೊಂದು ಮನೆಯ ಎದುರು ನಿಂತರೆ ಅರ್ಧ ಸತ್ತಂತೆ ಎಂದು ನಾನು ಹಿಂದೆ ವಾದಿಸುತ್ತಿದ್ದೆ. ಅಳೆದು ಬಂದ ಮನೆಗಳ ಪೈಕಿ ಒಂದರ ಮುಂಡಿಗೆಗಳು ಪ್ರದರ್ಶನ ಆರಂಭವಾಗುವ ಮೊದಲೇ ಲಾರಿ ಹತ್ತಿ ಹೋದ ಮೇಲೆ ಆ ವಾದ ಮಾಡುವ ಧೈರ್ಯ ನನಗಿಲ್ಲ.

ಇದ್ದಲ್ಲೇ ಉಳಿದ ಕಟ್ಟಡಕ್ಕೂ ತೊಂದರೆ ತಪ್ಪಿದ್ದಲ್ಲ. ನಮ್ಮೂರಿನ ಶಿವಪ್ಪನಾಯಕ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಮುತ್ತಲಿಂದ ತಂದ ಶಿಲ್ಪಗಳನ್ನು ಬಂದವರು ಒಂದೊಂದಾಗಿ ನೋಡುತ್ತಾರೆ, ಅವಕ್ಕೆ ನೆರಳು ಕೊಡುತ್ತಿರುವ ಮರದ ಕಂಬಗಳ ಕಡೆ ತಲೆಯೆತ್ತುವವರು ಕಡಿಮೆ. ಕಟ್ಟಡ ತಾನೇ ಪ್ರದರ್ಶನದ ವಸ್ತುವೆಂದು ಹೇಳುವುದಕ್ಕೆ ಬೇರೆ ಉಪಾಯವೇ ಬೇಕಾಗುತ್ತದೆ.

ಆ ಉಪಾಯದ ಒಂದು ಎಳೆ ನಮಗೆ ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಸಿಕ್ಕಿತು. ಅಘೋರೇಶ್ವರ ದೇವಸ್ಥಾನದ ನಡುವಿನ ಕಂಬಗಳ ಅಂತರವನ್ನು ಕೆಳದಿ ಅರಸರ ಆಳ್ವಿಕೆಯಲ್ಲಿ ತೋಟದ ಜಮೀನು ಅಳೆಯುವುದಕ್ಕೆ ಪ್ರಮಾಣವಾಗಿ ಇಟ್ಟುಕೊಂಡಿದ್ದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 18 ಅಡಿ 6 ಇಂಚು. ಅಷ್ಟೇ ಉದ್ದದ ತೆಂಗಿನ ನಾರಿನ ಹಗ್ಗವೊಂದನ್ನು ಕೊನೆಯ ಎರಡು ದಿನ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಈ ಸಂಗತಿಯನ್ನು ಎರಡೇ ಸಾಲಿನಲ್ಲಿ ಬರೆದಿಟ್ಟೆವು. ಹೊಸನಗರದ ಅಡಿಕೆ ಬೆಳೆಗಾರರೊಬ್ಬರು ಅದನ್ನೋದಿ, ಚಪ್ಪಲಿ ಬಿಟ್ಟು, ಹಗ್ಗದ ಉದ್ದಕ್ಕೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರು. "ನಾವು ಒಂಬತ್ತು ಅಡಿಗೊಂದು ಗಿಡ ಹಾಕ್ತೀವಿ. ಹತ್ರ ಹತ್ರ ಎರಡು ಗಿಡದ ಲೆಕ್ಕ ಆಯ್ತಲ್ಲ ಇದು" ಎಂದು ಮತ್ತೊಮ್ಮೆ ಹಿಂದಕ್ಕೆ ನಡೆದರು. ಮೂರು ವಾರದ ನಂತರ ಅವರು ಇಕ್ಕೇರಿಯಿಂದಲೇ ಫೋನ್ ಮಾಡಿ, ಅಳತೆಯನ್ನು ಕಂಬದ ಮಧ್ಯದಿಂದ ಹಿಡಿಯಬೇಕೋ ಅಂಚಿನಿಂದ ಹಿಡಿಯಬೇಕೋ ಎಂದು ಕೇಳಿದರು. ನಮ್ಮ ಫಲಕದಲ್ಲಿ ಅದನ್ನು ಬರೆದಿರಲಿಲ್ಲ. ಪ್ರದರ್ಶನವನ್ನು ಸಾಗರಕ್ಕೆ ಒಯ್ಯುವ ಮೊದಲು ಅವರನ್ನೂ ಕರೆದುಕೊಂಡು, ಟೇಪು ಹಿಡಿದು, ಇನ್ನೊಮ್ಮೆ ಇಕ್ಕೇರಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.