ಅಕ್ಕ ಸೂಜಿ ಹಾಕಿಸ್ಕೊಂಡ ದಿನ

ಅಕ್ಕಂಗೆ ಬ್ರೆಸ್ಟ್ ಕ್ಯಾನ್ಸರ್ ಆಪರೇಷನ್ನು ಕೀಮೋ ಎಲ್ಲಾ ಮುಗಿದು, ಕ್ಯಾನ್ಸರ್ ಮತ್ತೆ ಬರದಿರ್ಲಿ ಅಂತ ಕೊಡೋ ಲೆಟ್ರೊಜೋಲ್ ಮಾತ್ರೆ ಶುರುವಾದ್ಮೇಲೆ ಹೊಸ ಕಾಟ, ಬೆಳಗ್ಗೆ ಎದ್ರೆ ಬೆರಳು ಮಡಚೋಕೇ ಆಗ್ತಿರ್ಲಿಲ್ಲ, ಬ್ಲೌಸ್ ಹುಕ್ ಹಾಕೋಕೂ ನನ್ನನ್ನೇ ಕರೀಬೇಕು. ಆ ಮಾತ್ರೆ ಈಸ್ಟ್ರೊಜೆನ್ ಅನ್ನೋ ಹೆಣ್ಣು ಹಾರ್ಮೋನ್ ತಗ್ಗಿಸುತ್ತಲ್ಲ, ಕೀಲುನೋವು ಬರೋದು ಮಾಮೂಲಿ. ಇದಕ್ಕೇ ಬೇಜಾರಾಗಿ ಎಷ್ಟೋ ಜನ ಮಾತ್ರೆನೇ ನಿಲ್ಲಿಸ್ಬಿಡ್ತಾರೆ, ಅಕ್ಕನೂ ಅದೇ ರಾಗ ತೆಗೆದಿದ್ಲು. ಅಕ್ಯುಪಂಕ್ಚರ್ ಮಾಡಿಸಿ ನೋಡಿ ಅಂದಿದ್ದು ಕ್ಯಾನ್ಸರ್ ಡಾಕ್ಟ್ರೇ.

ಸೂಜಿ ಹಾಕೋ ಮೇಡಂ ಮೊದ್ಲು ಕೇಳಿದ್ದು ಬ್ಲಡ್ ರಿಪೋರ್ಟು. ಪ್ಲೇಟ್‌ಲೆಟ್ ಕಮ್ಮಿ ಇದ್ರೆ ರಕ್ತ ನಿಲ್ಲಲ್ಲ, ಬಿಳಿ ರಕ್ತಕಣ ಕಮ್ಮಿ ಇದ್ರೆ ಇನ್ಫೆಕ್ಷನ್ ಭಯ. ಆಮೇಲೆ "ಕಂಕುಳಲ್ಲಿ ಲಿಂಫ್ ಗ್ರಂಥಿ ತೆಗೆದಿದ್ದು ಯಾವ ಕಡೆಮ್ಮಾ?" ಅಂದ್ರು. ಎಡಗಡೆ ಅಂದ್ಲು. ಆ ಕೈ ಊದ್ಕೊಳ್ಳೋ ಚಾನ್ಸ್ ಇರುತ್ತೆ ಅಂತ ಅಲ್ಲಿ ಒಂದು ಸೂಜಿನೂ ಹಾಕ್ಲಿಲ್ಲ, ಅಷ್ಟಕ್ಕೇ ನಂಗೆ ಅವರ ಮೇಲೆ ನಂಬಿಕೆ ಬಂತು.

ಸೀಲ್ ಒಡೆದು ತೆಗೆದ ಸೂಜಿ ಕೂದಲೆಳೆ ಥರ, ಬಳುಕುತ್ತೆ. ಚಿಕ್ಕ ಪ್ಲಾಸ್ಟಿಕ್ ಕೊಳವೆ ಒಳಗಿಟ್ಟು ಬೆರಳಲ್ಲಿ ಟಪ್ ಅಂತ ತಟ್ಟೋದು, ಕೊಳವೆ ತೆಗೆಯೋದು, ಸ್ವಲ್ಪ ತಿರುಗಿಸೋದು. ಬಲಗೈ ಹೆಬ್ಬೆರಳು ತೋರುಬೆರಳ ನಡುವೆ ಒಂದು, ಮಂಡಿ ಕೆಳಗೆ, ಪಾದದ ಹತ್ರ ಇನ್ನೊಂದಿಷ್ಟು. "ಚುಚ್ಚಿದ್ದು ಗೊತ್ತಾಗ್ಲಿಲ್ಲ ಕಣೇ, ಆದ್ರೆ ಒಳಗೆ ಏನೋ ಭಾರ ಆದಂಗಿದೆ" ಅಂದ್ಲು. ಹಂಗೇ ಆಗ್ಬೇಕು ಅಂದ್ರು ಮೇಡಂ. ಅರ್ಧ ಗಂಟೆ ಮಲಗಿಸಿದ್ರು, ಇವಳು ಆರಾಮಾಗಿ ಗೊರಕೆ.

ನಾನು ಫೋನಲ್ಲಿ ಓದ್ತಾ ಕೂತೆ. 2018ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದ ಸ್ಟಡಿ, ಇದೇ ಥರ ಮಾತ್ರೆಯಿಂದ ಕೀಲುನೋವಿದ್ದ 226 ಹೆಂಗಸರು. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಸುಮ್ನೆ ಮೇಲ್ಮೇಲೆ ಬೇರೆ ಜಾಗಕ್ಕೆ ನಾಟಕದ ಸೂಜಿ, ಉಳಿದವರಿಗೆ ಏನೂ ಇಲ್ಲ. 6 ವಾರಕ್ಕೆ ನಿಜವಾದವರಿಗೆ 10ರ ಅಳತೇಲಿ ನೋವು ಸುಮಾರು 2 ಇಳಿದಿತ್ತು, ನಾಟಕದವರಿಗೂ ಏನೂ ಇಲ್ಲದವರಿಗೂ ಸುಮಾರು 1 ಇಳಿದಿತ್ತು! ಅಂದ್ರೆ ಏನೂ ಮಾಡದಿದ್ರೂ ಸ್ವಲ್ಪ ನೋವು ಇಳಿಯುತ್ತೆ, ನಿಜವಾದ ಸೂಜಿಗೆ ಇನ್ನೊಂಚೂರು ಜಾಸ್ತಿ ಅಂತಾಯ್ತು, ಇಳಿದ್ರೆ ಬೇಡ ಅನ್ನೋಕಾಗುತ್ತಾ.

ಅವತ್ತೇ ಪವಾಡ ಏನೂ ಆಗ್ಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು. ಕೆಲವು ವಾರ ಆದ್ಮೇಲೆ ಬೆರಳು ಸಲೀಸಾಯ್ತು, ಮಂಡಿ ಅಷ್ಟಕ್ಕಷ್ಟೇ, ಲೆಟ್ರೊಜೋಲ್ ನಡೀತಿದೆ. ಸಂಬಂಧಿಕರೊಬ್ರು ಸೂಜಿಯಿಂದ ಗಡ್ಡೆನೂ ಕರಗುತ್ತಂತೆ ಮಾತ್ರೆ ಯಾಕೆ ಅಂದಾಗ ಅಕ್ಕ ಅವರ ಜೊತೆ ಜಗಳಾನೇ ಆಡಿದ್ಲು.