ಜೀರೋ ಟಿಕೆಟ್ಟೂ ಅಡಿಕೆ ಪಟ್ಟಿಯೂ

ಕಳೆದ ವಾರ ಅಡಿಕೆ ಮಾರಿದ ಲೆಕ್ಕದ ಪಟ್ಟಿ ತರಲು ಶಿರಸಿಗೆ ಹೋಗಿದ್ದೆ. ನಮ್ಮನೆಗೆ ಅಡಿಕೆ ಸುಲಿಯಲು ಬರುವ ಅಕ್ಕ ಅದೇ ಬಸ್ಸಿನಲ್ಲಿದ್ದಳು, ಮೊಮ್ಮಗನಿಗೆ ಔಷಧಿ ತರಲು ಹೊರಟವಳು. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡೂ ನೋಡಿ ಎರಡು ಜೀರೋ ಟಿಕೆಟ್ ಕೊಟ್ಟರು. "ನಿಮ್ಗೂ ಫ್ರೀ, ನಮ್ಗೂ ಫ್ರೀ ಅಲ್ರಾ ಅಮ್ಮ" ಅಂತ ನಕ್ಕಳು. ಅವಳು ಖುಷಿಯಿಂದಲೇ ಅಂದಿದ್ದು. ಆದರೆ ಆ ಮಾತು ನನ್ನ ಮನಸ್ಸಿನಲ್ಲೇ ಉಳಿಯಿತು.

ವಾಪಸ್ ಬರುವಾಗ ನನ್ನ ಪರ್ಸಿನಲ್ಲಿದ್ದ ಪಟ್ಟಿ ಎರಡು ಕ್ವಿಂಟಲ್ ರಾಶಿ ಅಡಿಕೆಯದ್ದು, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯದ್ದು. ಎಂಬತ್ತು ಸಾವಿರದ ಮೇಲೆ. ಅದಕ್ಕೆ ನಾನು ಒಂದು ರೂಪಾಯಿ ಆದಾಯ ತೆರಿಗೆ ಕಟ್ಟುವುದಿಲ್ಲ. ಕೃಷಿ ಆದಾಯವನ್ನು 1961ರ ಆದಾಯ ತೆರಿಗೆ ಕಾಯ್ದೆಯಲ್ಲೇ ಹೊರಗಿಟ್ಟಿದ್ದರು. ಅಡಿಕೆ ಮೇಲೆ ಶೇ. 5 ಜಿಎಸ್‌ಟಿ ಇದೆ, ನಿಜ. ಆದರೆ ಅದು ಕೊಳ್ಳುವ ವ್ಯಾಪಾರಿ ಕಟ್ಟಿ ಮುಂದಕ್ಕೆ ದಾಟಿಸುವ ತೆರಿಗೆ.

ಅಕ್ಕ ತೆರಿಗೆ ಕಟ್ಟುತ್ತಾಳಾ? ಕಟ್ಟುತ್ತಾಳೆ. ನಲವತ್ತು ರೂಪಾಯಿಯ ಸೋಪು ತೆಗೆದುಕೊಳ್ಳಿ. ಜಿಎಸ್‌ಟಿ ಶೇ. 18 ಇದ್ದಾಗ ಅದರಲ್ಲಿ ಆರು ರೂಪಾಯಿ ತೆರಿಗೆಗೇ ಹೋಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸೋಪು, ಬಿಸ್ಕೆಟ್, ತಲೆಗೆ ಹಚ್ಚುವ ಎಣ್ಣೆ ಎಲ್ಲ ಶೇ. 5ಕ್ಕೆ ಇಳಿದವು, ಒಳ್ಳೆಯದಾಯಿತು. ಆದರೂ ಸೋಪಿನ ಮೇಲಿನ ತೆರಿಗೆ ನನಗೂ ಅಷ್ಟೇ, ಅವಳಿಗೂ ಅಷ್ಟೇ. ಸರ್ಕಾರಕ್ಕೆ ಇದು ಸಲೀಸು. ಅಂಗಡಿಯಲ್ಲೇ ವಸೂಲಾಗುತ್ತದೆ, ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಆದರೆ ಇಡೀ ದಿನ ಮೆಟ್ಟುಗತ್ತಿ ಮೇಲೆ ಕೂತು, ಅಡಿಕೆ ಚೊಗರಿಗೆ ಬೆರಳು ಕಪ್ಪಾಗಿ ಸೀಳು ಬಿಟ್ಟವಳ ಕೂಲಿಯಿಂದ ಹೋಗುವ ಎರಡು ರೂಪಾಯಿಯೂ ನನ್ನ ಎರಡು ರೂಪಾಯಿಯೂ ಒಂದೇ ಅಲ್ಲ.

ಹಾಗಾದರೆ ನನ್ನಂಥವರಿಗೆ ಬಸ್ಸಿನಲ್ಲಿ ಟಿಕೆಟ್ ಹಾಕಬೇಕಿತ್ತಾ? 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದಾಗ ನಾನೂ ಹಾಗೇ ಹೇಳುತ್ತಿದ್ದೆ. ಬಡವರಿಗೆ ಮಾತ್ರ ಕೊಡಲಿ ಅಂತ. ಈಗ ಹೇಳುವುದಿಲ್ಲ. ಯಾಕೆ ಅಂದರೆ, ಬಡವರು ಯಾರು ಅಂತ ಆರಿಸುವ ಕೆಲಸ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಅಕ್ಕನ ರೇಷನ್ ಕಾರ್ಡು ಇದ್ದಕ್ಕಿದ್ದಂತೆ ಬಿಪಿಎಲ್‌ನಿಂದ ಎಪಿಎಲ್ ಆಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಸರಿಮಾಡಿಸಲು ನಾಲ್ಕು ಸಲ ಕಚೇರಿಗೆ ಅಲೆದಳು. ನಾಲ್ಕು ದಿನದ ಕೂಲಿ ಹೋಯಿತು. ಅದೂ ಸುಲಿಯುವ ಕೆಲಸ ಜೋರಾಗಿದ್ದ ಹೊತ್ತಲ್ಲಿ. ಕಾಗದ ತುಂಬಿಸಿ ಕೊಟ್ಟಿದ್ದು ನಾನೇ. ಮೂರನೇ ಸಲ ಬರಿಗೈಲಿ ಬಂದು ನಮ್ಮ ಜಗುಲಿ ಮೇಲೆ ಸುಮ್ನೆ ಕೂತಿದ್ದಳು. ಬಸ್ಸಿನ ಬಾಗಿಲಲ್ಲೂ ಇಂಥದ್ದೇ ಜರಡಿ ಹಿಡಿದರೆ ಮೊದಲು ಕೆಳಗೆ ಬೀಳುವವಳು ಅವಳೇ.

ಅದಕ್ಕೇ ನಾನು ಹೇಳುವುದು, ಬಸ್ಸಿನಲ್ಲಿ ಆರಿಸುವುದು ಬೇಡ. ಎಲ್ಲ ಹೆಂಗಸರಿಗೂ ಕೊಡಲಿ. ಆ ಟಿಕೆಟ್ಟಿನ ದುಡ್ಡನ್ನು ಸಾರಿಗೆ ಸಂಸ್ಥೆಗೆ ರಾಜ್ಯ ಸರ್ಕಾರ ತುಂಬಿಕೊಡಬೇಕು. ಅದು ಸೋಪಿನಿಂದ, ಡೀಸೆಲ್ಲಿನಿಂದಲೇ ಯಾಕೆ ಬರಬೇಕು? ನಮ್ಮಂಥವರ ತೋಟದಿಂದಲೂ ಬರಲಿ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೇ ಕೊಟ್ಟಿದೆ. 1972ರಲ್ಲೇ ಕೇಂದ್ರ ಸರ್ಕಾರ ನೇಮಿಸಿದ್ದ, ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಹಿಡುವಳಿ ನೋಡಿ ತೆರಿಗೆ ಹಾಕುವ ದಾರಿ ತೋರಿಸಿತ್ತು.

ಮನೆಯಲ್ಲಿ ಇದನ್ನು ಹೇಳಿದರೆ ಇವರಿಗೆ ಸಿಟ್ಟು ಬಂತು. "ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ದರ ಇಲ್ಲೆ. ಅದ್ರ ಮೇಲೆ ತೆರಿಗೆ ಬೇರೆ!" ಅಂದರು. ಅವರ ಮಾತು ಸುಳ್ಳಲ್ಲ. ಮಳೆ ಬಿಡದೆ ಹೊಡೆದ ವರ್ಷ ಮರದ ಬುಡದಲ್ಲಿ ಹಸಿರು ಕಾಯಿ ರಾಶಿ ಬಿದ್ದಿದ್ದನ್ನು ನಾನೇ ಗುಡಿಸಿದ್ದೇನೆ. ಅಂಥ ವರ್ಷ ತೆರಿಗೆ ಇರಬಾರದು. ಅರ್ಧ ಎಕರೆ, ಒಂದು ಎಕರೆಯವರ ತಂಟೆಗೆ ಯಾವ ವರ್ಷವೂ ಹೋಗಬಾರದು. ನಮ್ಮದು ಮೂರು ಎಕರೆ.

ನಿನ್ನೆ ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಗೊಬ್ಬರ, ಅಡಿಕೆ ಗೊನೆ ಕೊಯ್ಲು, ಸುಲಿಸಿದ ಕೂಲಿ, ಮೈಲುತುತ್ತ ಎಲ್ಲ ಕಳೆದೆ. ಮೊದಲ ಐದು ಲಕ್ಷ ಬಿಟ್ಟು, ಮಿಕ್ಕಿದ್ದಕ್ಕೆ ನೂರಕ್ಕೆ ಐದರಂತೆ ಹಾಕಿ ನೋಡಿದೆ. ತೋಟಕ್ಕೆ ಒಂದು ಸಲ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಸುವ ಖರ್ಚಿಗಿಂತ ಕಡಿಮೆ ಬಂತು. ಹಾಳೆಯನ್ನು ಇವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ತಾವೇ ಇನ್ನೊಮ್ಮೆ ಕೂಡಿಸಿದರು. "ಲೆಕ್ಕ ಸರಿ ಇದ್ದು" ಅಂದರು.